ಆಟ ಮುಗಿಯುವ ಮೊದಲೇ ಆರಂಭವಾದ ಕೋಚಿಂಗ್: ಟೆರಿ ಗ್ರಿಫಿತ್ಸ್ ಪ್ರಕರಣದ ಅಧ್ಯಯನ

ಸ್ನೂಕರ್ ಕೋಚ್ ಆಗಿ ಜೀವನ ನಡೆಸಲು ಏನು ಬೇಕು ಎಂದು ಕೇಳಿದರೆ, ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ದೊಡ್ಡದೊಂದು ಪ್ರಶಸ್ತಿ ಗೆದ್ದಿರಬೇಕು ಎಂಬುದು. ಹೆಸರು ಮಾಡಿದವರ ಬಳಿಗೆ ಶಿಷ್ಯರು ತಾವಾಗಿಯೇ ಬರುತ್ತಾರೆ ಎಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆಯನ್ನು ಒರೆಗೆ ಹಚ್ಚಲು ವೇಲ್ಸ್‌ನ ಟೆರಿ ಗ್ರಿಫಿತ್ಸ್ ಅವರ ವೃತ್ತಿಜೀವನ ಬಹಳ ಉಪಯುಕ್ತ. ಅವರು 1979ರಲ್ಲಿ ವಿಶ್ವ ಚಾಂಪಿಯನ್ ಆದವರು. ಆಟ ನಿಲ್ಲಿಸಿದ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ವೃತ್ತಿಪರ ಆಟಗಾರರಿಗೆ ತರಬೇತಿ ಕೊಟ್ಟವರು. 2024ರ ಡಿಸೆಂಬರ್ 1ರಂದು, 77ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಚಾಂಪಿಯನ್ ಎಂಬಷ್ಟೇ ಗೌರವದಿಂದ ಕೋಚ್ ಎಂದೂ ಸ್ಮರಿಸಲ್ಪಟ್ಟವರು. ಪ್ರಶಸ್ತಿ ಅವರಿಗೆ ಬಾಗಿಲು ತೆರೆಯಿತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಬಾಗಿಲಿನೊಳಗೆ ಅವರನ್ನು ಅಷ್ಟು ಕಾಲ ಉಳಿಸಿದ್ದು ಬೇರೆಯೇ ಸಂಗತಿ ಎಂಬುದು ನನ್ನ ಅಭಿಪ್ರಾಯ. ಅದು ಯಾವುದು ಎಂದು ಹುಡುಕುವುದೇ ಈ ಅಧ್ಯಯನದ ಉದ್ದೇಶ.

ತಡವಾಗಿ ಬಂದ ವೃತ್ತಿಪರ

ಗ್ರಿಫಿತ್ಸ್ ಹುಟ್ಟಿದ್ದು 1947ರ ಅಕ್ಟೋಬರ್ 16ರಂದು, ದಕ್ಷಿಣ ವೇಲ್ಸ್‌ನ ಲನೆಲಿ ಎಂಬ ಕೈಗಾರಿಕಾ ಪಟ್ಟಣದಲ್ಲಿ. ಕಲ್ಲಿದ್ದಲು ಗಣಿಯಲ್ಲಿ ದುಡಿದರು, ಬಸ್ ಕಂಡಕ್ಟರ್ ಆಗಿದ್ದರು, ಪೋಸ್ಟ್‌ಮನ್ ಆಗಿದ್ದರು, ವಿಮೆ ಕಂಪನಿಯ ಏಜೆಂಟರಾಗಿಯೂ ಇದ್ದರು. ಸ್ನೂಕರ್ ಈ ಎಲ್ಲ ಕೆಲಸಗಳ ನಡುವೆ ಬಿಡುವಿನಲ್ಲಿ ಬೆಳೆದ ಆಟ. 1975ರಲ್ಲಿ ವೇಲ್ಸ್ ಅಮೆಚೂರ್ ಪ್ರಶಸ್ತಿಯನ್ನೂ 1977 ಮತ್ತು 1978ರಲ್ಲಿ ಸತತವಾಗಿ ಇಂಗ್ಲಿಷ್ ಅಮೆಚೂರ್ ಪ್ರಶಸ್ತಿಯನ್ನೂ ಗೆದ್ದ ನಂತರವೇ ಅವರು ವೃತ್ತಿಪರರಾದದ್ದು; ಆಗ ಅವರಿಗೆ ಮೂವತ್ತು ದಾಟಿತ್ತು. ಇಂದಿನ ಲೆಕ್ಕದಲ್ಲಿ ಅದು ಬಹಳ ತಡ. ವೃತ್ತಿಪರರಾಗಿ ಆಡಿದ ಮೊದಲ ಪಂದ್ಯದಲ್ಲಿ, ರೆಕ್ಸ್ ವಿಲಿಯಮ್ಸ್ ಎದುರು 8–2 ಫ್ರೇಮ್‌ಗಳ (ಫ್ರೇಮ್ ಎಂದರೆ ಪಂದ್ಯದೊಳಗಿನ ಒಂದೊಂದು ಆಟ) ಮುನ್ನಡೆ ಪಡೆದು 8–9ರಿಂದ ಸೋತರು. ಕೈಗೆ ಬಂದ ಪಂದ್ಯ ಏಕೆ ಜಾರುತ್ತದೆ ಎಂಬ ಪ್ರಶ್ನೆ ಅವರ ವೃತ್ತಿಯ ಮೊದಲ ದಿನದಿಂದಲೇ ಎದುರಿಗಿತ್ತು.

ಮರುವರ್ಷವೇ ಅವರು ಅರ್ಹತಾ ಸುತ್ತಿನಿಂದ ಮೇಲೆ ಬಂದು, ವಿಶ್ವ ಚಾಂಪಿಯನ್‌ಶಿಪ್ ನಡೆಯುವ ಶೆಫೀಲ್ಡ್‌ನ ಕ್ರೂಸಿಬಲ್ ರಂಗಮಂದಿರ ತಲುಪಿದರು. ಪೆರಿ ಮ್ಯಾನ್ಸ್ ಅವರನ್ನು 13–8ರಿಂದ, ಅಲೆಕ್ಸ್ ಹಿಗ್ಗಿನ್ಸ್ ಅವರನ್ನು ಕೊನೆಯ ಫ್ರೇಮ್‌ನಲ್ಲಿ 13–12ರಿಂದ, ಎಡ್ಡಿ ಚಾರ್ಲ್ಟನ್ ಅವರನ್ನು ರಾತ್ರಿ ಒಂದೂವರೆಯೂ ಕಳೆದ ಮೇಲೆ ಮುಗಿದ ಸೆಮಿಫೈನಲ್‌ನಲ್ಲಿ 19–17ರಿಂದ ಸೋಲಿಸಿ, ಫೈನಲ್‌ನಲ್ಲಿ ಡೆನಿಸ್ ಟೇಲರ್ ಎದುರು 24–16ರಿಂದ ಗೆದ್ದರು. ಬಹುಮಾನ 10,000 ಪೌಂಡ್. 1980ರಲ್ಲಿ ಮಾಸ್ಟರ್ಸ್, 1982ರಲ್ಲಿ ಯು.ಕೆ. ಚಾಂಪಿಯನ್‌ಶಿಪ್ ಕೂಡ ಅವರ ಪಾಲಾದವು. ಆಟದ ಮೂರು ದೊಡ್ಡ ಪ್ರಶಸ್ತಿಗಳನ್ನೂ ಗೆದ್ದ ಕೆಲವೇ ಆಟಗಾರರಲ್ಲಿ ಅವರೂ ಒಬ್ಬರಾದರು.

ಇಷ್ಟೇ ಆಗಿದ್ದರೆ ಪ್ರಕರಣ ಸರಳವಾಗಿರುತ್ತಿತ್ತು. ಆದರೆ 1982ರ ನಂತರ ಅವರಿಗೆ ಆ ಮಟ್ಟದ ಪ್ರಶಸ್ತಿ ಮತ್ತೆ ಸಿಗಲಿಲ್ಲ. 1983ರಲ್ಲಿ ಕ್ಲಿಫ್ ಥಾರ್ಬರ್ನ್ ಕ್ರೂಸಿಬಲ್‌ನ ಮೊತ್ತಮೊದಲ 147ರ ಬ್ರೇಕ್ (ಸಾಮಾನ್ಯವಾಗಿ ಒಂದೇ ಸರದಿಯಲ್ಲಿ ಗಳಿಸಬಹುದಾದ ಗರಿಷ್ಠ ಅಂಕ) ಬಾರಿಸಿದಾಗ ಎದುರಿಗೆ ಕುರ್ಚಿಯಲ್ಲಿ ಕುಳಿತಿದ್ದವರು ಗ್ರಿಫಿತ್ಸ್. ಆ ಪಂದ್ಯ ಬೆಳಗಿನ ಜಾವ 3.51ಕ್ಕೆ ಮುಗಿದಾಗ 12–13ರಿಂದ ಸೋತವರೂ ಅವರೇ. 1988ರಲ್ಲಿ ಮತ್ತೆ ಫೈನಲ್ ತಲುಪಿ ಸ್ಟೀವ್ ಡೇವಿಸ್ ಎದುರು 11–18ರಿಂದ ಸೋತರು. ಹೀಗಿದ್ದರೂ 1979ರಿಂದ 1997ರವರೆಗೆ ಒಂದು ವರ್ಷವೂ ತಪ್ಪದೆ, ಸತತ 19 ಬಾರಿ ಅವರು ಕ್ರೂಸಿಬಲ್‌ನಲ್ಲಿ ಆಡಿದರು. ಒಂದೇ ವರ್ಷದ ಗೆಲುವಿಗಿಂತ, ಗೆಲ್ಲಲಾಗದಿದ್ದರೂ ಅದೇ ಮಟ್ಟದಲ್ಲಿ ಉಳಿದುಕೊಳ್ಳಲು ಬೇಕಾದ ಈ ದೀರ್ಘ ಶ್ರಮವೇ ಕೋಚ್ ಆಗಲು ಹೆಚ್ಚು ಬೆಲೆಬಾಳುವ ಅನುಭವ ಎಂದು ನಾನು ತಿಳಿಯುತ್ತೇನೆ. ಸಲೀಸಾಗಿ ಗೆದ್ದವನಿಗೆ ತನ್ನ ಕೈ ಏನು ಮಾಡುತ್ತಿದೆ ಎಂದು ಕೇಳಿಕೊಳ್ಳುವ ಅಗತ್ಯವೇ ಬರುವುದಿಲ್ಲ.

ಹೊಡೆತವನ್ನು ಬಿಚ್ಚಿ ನೋಡಿದ್ದು

ಈ ಶ್ರಮದ ಒಂದು ಮುಖ್ಯ ಭಾಗ ಫ್ರ್ಯಾಂಕ್ ಕ್ಯಾಲನ್ ಎಂಬ ಕೋಚ್ ಜೊತೆ ನಡೆಯಿತು. ಕ್ಯಾಲನ್ ಇಂಗ್ಲೆಂಡಿನ ಲ್ಯಾಂಕಷೈರ್‌ನವರು, ವೃತ್ತಿಯಿಂದ ಮೀನು ವ್ಯಾಪಾರಿ. ವೃತ್ತಿಪರ ಸ್ನೂಕರ್‌ನಲ್ಲಿ ಅವರ ಹೆಸರಿಗೆ ಯಾವ ಪ್ರಶಸ್ತಿಯೂ ಇರಲಿಲ್ಲ. ಆದರೂ ಸ್ಟೀವ್ ಡೇವಿಸ್, ಸ್ಟೀಫನ್ ಹೆಂಡ್ರಿ, ಡಗ್ ಮೌಂಟ್‌ಜಾಯ್ ಅವರಂಥ ಆಟಗಾರರು ಅವರ ಬಳಿ ಕಲಿತರು. ಮೌಂಟ್‌ಜಾಯ್ ಅವರದು ವಿಶೇಷವಾಗಿ ನೆನೆಯಬೇಕಾದ ಉದಾಹರಣೆ: ಆಟ ಇಳಿಮುಖವಾಗಿದ್ದ ಕಾಲದಲ್ಲಿ ಕ್ಯಾಲನ್ ಅವರೊಂದಿಗೆ ತಮ್ಮ ಹೊಡೆತವನ್ನು ಹೊಸದಾಗಿ ತಿದ್ದಿಕೊಂಡ ಅವರು 1988ರಲ್ಲಿ, 46ನೆಯ ವಯಸ್ಸಿನಲ್ಲಿ, ಯುವಕ ಹೆಂಡ್ರಿಯನ್ನು 16–12ರಿಂದ ಮಣಿಸಿ ಯು.ಕೆ. ಚಾಂಪಿಯನ್ ಆದರು.

ಹೊಡೆತವನ್ನು ತಿದ್ದುವುದು ಎಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೋಚ್ ಮಾರುವ ವಿದ್ಯೆ ಇದೇ. ಪೂರ್ಣ ಅಳತೆಯ ಸ್ನೂಕರ್ ಮೇಜಿನ ಆಟದ ಅಂಗಳ 3,569 ಮಿಲಿಮೀಟರ್ ಉದ್ದ, 1,778 ಮಿಲಿಮೀಟರ್ ಅಗಲ. ಚೆಂಡಿನ ವ್ಯಾಸ 52.5 ಮಿಲಿಮೀಟರ್. ಮೇಜಿನ ನಡುವೆ ತನ್ನ ಗುರುತಿನ ಮೇಲಿರುವ ನೀಲಿ ಚೆಂಡನ್ನು ಮೂಲೆಯ ಪಾಕೆಟ್‌ಗೆ ನೇರವಾಗಿ ಹಾಕಬೇಕು ಎಂದುಕೊಳ್ಳೋಣ. ಅದು ಸಾಗಬೇಕಾದ ದೂರ ಸುಮಾರು ಎರಡು ಮೀಟರ್. ಕ್ಯೂ ಎಂಬ ಕೋಲಿನಿಂದ ಹೊಡೆಯುವ ಬಿಳಿ ಚೆಂಡು ತನ್ನ ರೇಖೆಯಿಂದ ಕೇವಲ 1 ಮಿಲಿಮೀಟರ್ ಪಕ್ಕಕ್ಕೆ ಸರಿದು ನೀಲಿಯನ್ನು ತಾಗಿದರೂ ನೀಲಿಯ ದಾರಿ ಒಂದು ಡಿಗ್ರಿಗಿಂತ ತುಸು ಹೆಚ್ಚು ವಾಲುತ್ತದೆ. ಪಾಕೆಟ್ ತಲುಪುವ ಹೊತ್ತಿಗೆ ಆ ತಪ್ಪು ಸುಮಾರು 38 ಮಿಲಿಮೀಟರ್‌ಗೆ ಬೆಳೆದಿರುತ್ತದೆ. ಪಾಕೆಟ್‌ನ ಬಾಯಿ ಮೂರೂವರೆ ಇಂಚಿನಷ್ಟೇ ಇರುವುದರಿಂದ ಚೆಂಡಿನ ಎರಡೂ ಬದಿಗೆ ಉಳಿಯುವ ಜಾಗ ಹದಿನೆಂಟು ಮಿಲಿಮೀಟರ್ ಆಸುಪಾಸು. ಅಂದರೆ ಒಂದು ಮಿಲಿಮೀಟರ್ ತಪ್ಪಿಗೆ ಈ ಆಟದಲ್ಲಿ ಕ್ಷಮೆಯಿಲ್ಲ. ಈ ತಪ್ಪು ಎಲ್ಲಿಂದ ಬಂತು ಎಂಬುದನ್ನು ಆಡುವವನು ತಾನೇ ಕಂಡುಕೊಳ್ಳುವುದು ಬಹಳ ಕಷ್ಟ. ಅವನ ಕಣ್ಣು ಚೆಂಡಿನ ಮೇಲಿರುತ್ತದೆಯೇ ಹೊರತು ತನ್ನ ಮೊಣಕೈಯ ಮೇಲಲ್ಲ.

ನಿಂತ ಕಾಲಿನ ಸ್ಥಾನ, ಬ್ರಿಡ್ಜ್ ಮಾಡಿದ, ಅಂದರೆ ಕ್ಯೂವಿಗೆ ಆಸರೆಯಾಗಿ ಮೇಜಿನ ಮೇಲಿಟ್ಟ ಕೈಯ ಬಿಗಿತ, ಕ್ಯೂ ಹಿಡಿದ ಗ್ರಿಪ್‌ನಲ್ಲಿ ಬೆರಳುಗಳು ಮುಚ್ಚಿಕೊಳ್ಳುವ ಕ್ಷಣ, ಹಿಂದಕ್ಕೆ ಎಳೆದ ಕ್ಯೂ ಒಂದಿಷ್ಟು ನಿಲ್ಲುತ್ತದೆಯೋ ಇಲ್ಲವೋ ಎಂಬುದು, ಹೊಡೆದ ಮೇಲೆ ತಲೆ ಮೇಲೇಳುವ ಅಭ್ಯಾಸ, ಇವುಗಳಲ್ಲಿ ಯಾವುದು ಕಾರಣ ಮತ್ತು ಯಾವುದು ಆ ಕಾರಣದ ಪರಿಣಾಮ ಎಂದು ಬೇರ್ಪಡಿಸಿ ಹೇಳಬಲ್ಲವನೇ ನಿಜವಾದ ಕೋಚ್. ಎಲ್ಲ ಕ್ಲಬ್ಬುಗಳಲ್ಲೂ ಗೊತ್ತಿರುವ ಒಂದು ಪರೀಕ್ಷೆಯಿದೆ: ಬಿಳಿ ಚೆಂಡನ್ನು ಕಂದು ಚೆಂಡಿನ ಗುರುತಿನ ಮೇಲಿಟ್ಟು, ನೀಲಿ, ಗುಲಾಬಿ, ಕಪ್ಪು ಗುರುತುಗಳ ಮೇಲಿಂದ ಹಾಯ್ದು ಎದುರಿನ ಕುಷನ್‌ಗೆ (ಮೇಜಿನ ರಬ್ಬರ್ ಅಂಚಿಗೆ) ತಾಗಿ ಅದೇ ದಾರಿಯಲ್ಲಿ ಕ್ಯೂವಿನ ತುದಿಗೆ ಮರಳಿ ಬರುವಂತೆ ಹೊಡೆಯುವುದು. ಚೆಂಡು ಕುಷನ್‌ನಿಂದ ಪಕ್ಕಕ್ಕೆ ತಿರುಗಿ ಬಂದರೆ ಹೊಡೆತ ನಡುವಿಗೆ ಬಿದ್ದಿಲ್ಲ ಎಂದು ಯಾರಾದರೂ ಹೇಳಬಹುದು. ಏಕೆ ಬಿದ್ದಿಲ್ಲ ಎಂದು ಹೇಳುವವರು ಕಡಿಮೆ. ಇನ್ನೂ ಕಡಿಮೆ ಇರುವವರು, ಅದನ್ನು ಈಗ ತಿದ್ದಬೇಕೋ ಅಥವಾ ಮುಂದಿನ ವಾರ ಟೂರ್ನಿಯಿರುವ ಆಟಗಾರನ ತಲೆಗೆ ಅದನ್ನು ತುಂಬದೆ ಬಿಡಬೇಕೋ ಎಂದು ನಿರ್ಧರಿಸಬಲ್ಲವರು.

ಗ್ರಿಫಿತ್ಸ್ ಈ ಮೂರನೆಯ ಗುಂಪಿಗೆ ಸೇರಿದ್ದು ಸ್ವಂತ ಅನುಭವದಿಂದ. 1979ರಲ್ಲಿ ಅವರು ಆಡಿದ್ದು ಹೆಚ್ಚು ಸಹಜವಾಗಿ, ಹರಿಯುವಂತೆ. ಮುಂದಿನ ವರ್ಷಗಳಲ್ಲಿ ಅವರ ಆಟ ನಿಧಾನವಾಯಿತು, ಲೆಕ್ಕಾಚಾರದ ಆಟವಾಯಿತು. ತಂತ್ರದ ಬಗ್ಗೆ ಇಷ್ಟು ಯೋಚಿಸಿದ್ದೇ ಅವರ ಸಹಜತೆಯನ್ನು ಕುಂದಿಸಿತು ಎಂದು ಹೇಳುವವರಿದ್ದಾರೆ. ಆಟಗಾರನಾಗಿ ಅವರಿಗೆ ಅದರಿಂದ ನಷ್ಟವೇ ಆಗಿರಬಹುದು. ಆದರೆ ತನ್ನದೇ ಹೊಡೆತವನ್ನು ಬಿಡಿಬಿಡಿಯಾಗಿ ಬಿಚ್ಚಿ ಮತ್ತೆ ಜೋಡಿಸಿದವನಿಗೆ ಎರಡು ಸಂಗತಿಗಳು ಒಟ್ಟಿಗೆ ತಿಳಿಯುತ್ತವೆ: ಬದಲಾವಣೆಯಿಂದ ಏನು ಸಿಗುತ್ತದೆ ಎಂಬುದು, ಅದಕ್ಕೆ ಏನು ತೆರಬೇಕಾಗುತ್ತದೆ ಎಂಬುದು. ಎರಡನೆಯದನ್ನು ಅರಿಯದ ಕೋಚ್ ಶಿಷ್ಯನಿಗೆ ಅಪಾಯಕಾರಿ. ನಾನು ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಈ ಅಂಶಕ್ಕೇ.

ಆದಾಯದ ಆಧಾರಗಳು

ವಿದ್ಯೆಯಿದ್ದ ಮಾತ್ರಕ್ಕೆ ವೃತ್ತಿ ನಿಲ್ಲುವುದಿಲ್ಲ. ಕ್ರಿಕೆಟ್ ಅಥವಾ ಫುಟ್‌ಬಾಲ್‌ನಲ್ಲಿ ತಂಡವೇ ಕೋಚ್‌ಗೆ ಸಂಬಳ ಕೊಡುತ್ತದೆ. ಸ್ನೂಕರ್‌ನಲ್ಲಿ ಆಟಗಾರ ಒಂಟಿ. ಅವನಿಗೆ ಬಹುಮಾನದ ಹಣ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಪ್ರಯಾಣ, ವಸತಿ, ಅಭ್ಯಾಸದ ಮೇಜು ಇವೆಲ್ಲ ಅವನದೇ ಖರ್ಚು. ಕೋಚ್‌ಗೆ ಕೊಡುವ ಹಣ ಈ ಎಲ್ಲದರ ನಂತರ ಉಳಿದದ್ದರಿಂದ ಬರಬೇಕು. ಹಾಗಾಗಿ ವೃತ್ತಿಪರ ಶಿಷ್ಯರನ್ನೇ ನೆಚ್ಚಿಕೊಂಡ ಕೋಚ್‌ನ ಆದಾಯ ಆ ಶಿಷ್ಯರ ಫಾರ್ಮ್ ಜೊತೆಗೇ ಏರಿಳಿಯುತ್ತದೆ, ಮತ್ತು ಶಿಷ್ಯ ಸೋಲತೊಡಗಿದಾಗ ಮೊದಲು ಕೈಬಿಡುವ ಖರ್ಚು ಅದೇ ಆಗಿರುತ್ತದೆ.

ಗ್ರಿಫಿತ್ಸ್ ಅವರ ಬದುಕಿನಲ್ಲಿ ಈ ಅಪಾಯಕ್ಕೆ ಎದುರಾಗಿ ಬೇರೆ ಬೇರೆ ಆಧಾರಗಳಿದ್ದವು. ಮೊದಲನೆಯದು ಕ್ಲಬ್. ಇನ್ನೂ ಆಡುತ್ತಿದ್ದಾಗಲೇ, 1980ರ ದಶಕದಲ್ಲಿ, ಅವರು ತಮ್ಮ ಊರಾದ ಲನೆಲಿಯಲ್ಲೇ ಸ್ನೂಕರ್ ಕ್ಲಬ್ ಆರಂಭಿಸಿದರು. ಮೇಜುಗಳ ಬಾಡಿಗೆಯಿಂದ ಬರುವ ಹಣ ಒಂದು ಕಡೆಗಿರಲಿ, ಕೋಚ್‌ಗೆ ಸ್ವಂತ ಜಾಗವಿರುವುದರ ಲಾಭ ಬೇರೆಯದು: ಯಾವ ಹುಡುಗ ಯಾವ ಹೊತ್ತಿಗೆ ಬರುತ್ತಾನೆ, ಯಾರೂ ನೋಡದಿದ್ದಾಗ ಹೇಗೆ ಆಡುತ್ತಾನೆ ಎಂಬುದನ್ನು ಅವನು ದಿನವೂ ಕಾಣುತ್ತಾನೆ. ಎರಡನೆಯದು ಸಂಸ್ಥೆಯ ಹುದ್ದೆ. 1990ರ ದಶಕದಲ್ಲಿ ವೃತ್ತಿಪರ ಆಟಗಾರರ ವಿಶ್ವ ಸಂಸ್ಥೆಯಾದ ಡಬ್ಲ್ಯೂ.ಪಿ.ಬಿ.ಎಸ್.ಎ. ಅವರನ್ನು ಕೋಚಿಂಗ್ ನಿರ್ದೇಶಕರನ್ನಾಗಿ ನೇಮಿಸಿತು. ಅಲ್ಲಿಯವರೆಗೆ ಒಬ್ಬರಿಂದೊಬ್ಬರಿಗೆ ಬಾಯಿಮಾತಿನಲ್ಲಿ ಸಾಗುತ್ತಿದ್ದ ವಿದ್ಯೆಯ ಬೆನ್ನಿಗೆ ಇದರಿಂದ ಒಂದು ಸಂಸ್ಥೆ ನಿಂತಂತಾಯಿತು. ಮೂರನೆಯದು ಬಿ.ಬಿ.ಸಿ.ಯ ವೀಕ್ಷಕ ವಿವರಣೆ. ಇದನ್ನು ಬರೀ ಹೆಚ್ಚುವರಿ ಆದಾಯ ಎಂದು ಕಡೆಗಣಿಸಬಾರದು, ಏಕೆಂದರೆ ಇನ್ನೊಬ್ಬರ ಹೊಡೆತವನ್ನು ಸಾಮಾನ್ಯ ವೀಕ್ಷಕನಿಗೆ ಅರ್ಥವಾಗುವ ಮಾತಿನಲ್ಲಿ, ಅದು ನಡೆಯುತ್ತಿರುವಾಗಲೇ ಹೇಳುವ ಅಭ್ಯಾಸ ಕೋಚ್‌ಗೆ ಬೇಕಾದ ಅಭ್ಯಾಸವೇ ಆಗಿದೆ.

ಇವೆಲ್ಲ ಇದ್ದುದರಿಂದ ಆಟದಿಂದ ಕೋಚಿಂಗ್‌ಗೆ ದಾಟುವುದು ಅವರಿಗೆ ಪ್ರಪಾತಕ್ಕೆ ಜಿಗಿದಂತೆ ಆಗಲಿಲ್ಲ. ಸಂಸ್ಥೆಯ ಕೆಲಸ ಹಿಡಿದ ಮೇಲೂ ಅವರು 1997ರ ವಿಶ್ವ ಚಾಂಪಿಯನ್‌ಶಿಪ್‌ಗೆ ಅರ್ಹತೆ ಗಳಿಸಿದರು, ಮತ್ತು ಮೊದಲ ಸುತ್ತಿನಲ್ಲಿ ತಮ್ಮದೇ ನಾಡಿನ ಯುವಕ ಮಾರ್ಕ್ ವಿಲಿಯಮ್ಸ್ ಎದುರು ಕೊನೆಯ ಫ್ರೇಮ್‌ನಲ್ಲಿ, 9–10ರಿಂದ ಸೋತರು. ಅದು ಅವರ ಕೊನೆಯ ಕ್ರೂಸಿಬಲ್ ಪಂದ್ಯ. ಅದೇ ಮಾರ್ಕ್ ವಿಲಿಯಮ್ಸ್ ಅವರಿಂದ ತರಬೇತಿ ಪಡೆದವರ ಸಾಲಿನಲ್ಲಿದ್ದಾರೆ, ಮತ್ತು 2000ದಲ್ಲಿ ವಿಶ್ವ ಚಾಂಪಿಯನ್ ಆದರು.

ಶಿಷ್ಯರು, ಮತ್ತು ಶ್ರೇಯಸ್ಸಿನ ಪ್ರಶ್ನೆ

ಗ್ರಿಫಿತ್ಸ್ ಜೊತೆ ಕೆಲಸ ಮಾಡಿದವರಲ್ಲಿ ಸ್ಟೀಫನ್ ಹೆಂಡ್ರಿ, ಡಿಂಗ್ ಜುನ್‌ಹುಯಿ, ಮಾರ್ಕೊ ಫು, ಅಲಿ ಕಾರ್ಟರ್, ಬ್ಯಾರಿ ಹಾಕಿನ್ಸ್ ಇದ್ದಾರೆ. ಈ ಪಟ್ಟಿಯನ್ನು ಹಾಗೆಯೇ ಮುಂದಿಟ್ಟು ಇವರೆಲ್ಲರ ಗೆಲುವನ್ನೂ ಕೋಚ್‌ನ ಖಾತೆಗೆ ಬರೆಯುವುದು ನ್ಯಾಯವಲ್ಲ. ಹೆಂಡ್ರಿ ತಮ್ಮ ಏಳು ವಿಶ್ವ ಪ್ರಶಸ್ತಿಗಳ ಬಹುಪಾಲನ್ನು ಬೇರೆಯವರ ಮಾರ್ಗದರ್ಶನದ ಕಾಲದಲ್ಲಿ ಗೆದ್ದವರು. ಆಟಗಾರರು ಒಂದೇ ಕಾಲದಲ್ಲಿ ಇಬ್ಬರು ಮೂವರ ಸಲಹೆ ಪಡೆಯುವುದೂ ಈ ಆಟದಲ್ಲಿ ಸಾಮಾನ್ಯ.

ಹಾಕಿನ್ಸ್ ಅವರ ಉದಾಹರಣೆ ಇದಕ್ಕಿಂತ ಸ್ಪಷ್ಟ. 1996ರಲ್ಲಿ ವೃತ್ತಿಪರರಾದ ಅವರು ಹಲವು ವರ್ಷ ಕ್ರೂಸಿಬಲ್ ತಲುಪಿಯೂ ಮೊದಲ ಸುತ್ತನ್ನು ದಾಟಲಾಗದೆ ಮರಳುತ್ತಿದ್ದರು. ಚೆಂಡು ಹಾಕುವ ಸಾಮರ್ಥ್ಯಕ್ಕೆ ಕೊರತೆಯಿರಲಿಲ್ಲ. ದೊಡ್ಡ ವೇದಿಕೆಯಲ್ಲಿ ಆ ಸಾಮರ್ಥ್ಯ ಹೊರಬರುತ್ತಿರಲಿಲ್ಲ. ಗ್ರಿಫಿತ್ಸ್ ತಂತ್ರದಷ್ಟೇ ಮಾನಸಿಕ ಸಿದ್ಧತೆಗೂ ಒತ್ತು ಕೊಡುವ ಕೋಚ್. ಅವರೊಂದಿಗೆ ಕೆಲಸ ಮಾಡಿದ ಅವಧಿಯಲ್ಲಿ ಹಾಕಿನ್ಸ್ 2012ರಲ್ಲಿ ಆಸ್ಟ್ರೇಲಿಯನ್ ಗೋಲ್ಡ್‌ಫೀಲ್ಡ್ಸ್ ಓಪನ್ ಗೆದ್ದು, ವಿಶ್ವ ಶ್ರೇಯಾಂಕಕ್ಕೆ ಲೆಕ್ಕವಾಗುವ ತಮ್ಮ ಮೊದಲ ರ‍್ಯಾಂಕಿಂಗ್ ಪ್ರಶಸ್ತಿ ಪಡೆದರು. 2013ರಲ್ಲಿ ವಿಶ್ವ ಫೈನಲ್ ತಲುಪಿ ರಾನಿ ಓಸಲಿವನ್ ಎದುರು 12–18ರಿಂದ ಸೋತರು. ಮೂವತ್ತು ದಾಟಿದ, ಆಟ ಗೊತ್ತಿದ್ದೂ ದೊಡ್ಡ ಪಂದ್ಯಗಳಲ್ಲಿ ಎಡವುತ್ತಿದ್ದ ಆಟಗಾರನಿಗೆ, ಮೂವತ್ತು ದಾಟಿ ವೃತ್ತಿಪರನಾಗಿ ಮೊದಲ ಪಂದ್ಯದಲ್ಲೇ ಆರು ಫ್ರೇಮ್ ಮುನ್ನಡೆ ಕಳೆದುಕೊಂಡ ಕೋಚ್ ಸಿಕ್ಕಿದ್ದು ಸರಿಯಾದ ಜೋಡಿ ಎಂದು ನನಗನ್ನಿಸುತ್ತದೆ. ತಾನು ಅನುಭವಿಸಿದ ತೊಂದರೆಯನ್ನು ಇನ್ನೊಬ್ಬನಲ್ಲಿ ಗುರುತಿಸುವುದು ಸುಲಭ.

ಪ್ರಕರಣದ ಮಿತಿ

ಈ ಪ್ರಕರಣವನ್ನು ಮಾದರಿಯಾಗಿ ಇಟ್ಟುಕೊಳ್ಳುವವರು ಒಂದು ಎಚ್ಚರಿಕೆ ವಹಿಸಬೇಕು. ವಿಶ್ವ ಚಾಂಪಿಯನ್ ಎಂಬ ಬಿರುದು ಇಲ್ಲದಿದ್ದರೆ ಸಂಸ್ಥೆಯ ಹುದ್ದೆಯಾಗಲಿ ಬಿ.ಬಿ.ಸಿ.ಯ ಕುರ್ಚಿಯಾಗಲಿ ಗ್ರಿಫಿತ್ಸ್ ಅವರಿಗೆ ಸಿಗುತ್ತಿತ್ತೇ ಎಂಬುದು ಅನುಮಾನ. ಆದರೆ ಅವರಿಗೇ ಕಲಿಸಿದ ಕ್ಯಾಲನ್ ಬಳಿ ಅಂಥ ಬಿರುದು ಇರಲಿಲ್ಲ ಎಂಬುದನ್ನೂ ಅದರ ಪಕ್ಕದಲ್ಲೇ ಇಡಬೇಕು. ಕ್ಯಾಲನ್‌ಗೆ ಬದುಕಿನ ಆಧಾರವಾಗಿ ಇನ್ನೊಂದು ವ್ಯಾಪಾರವಿತ್ತು. ಕೋಚಿಂಗ್‌ನಲ್ಲಿ ಅವರ ಹೆಸರು ಒಬ್ಬ ಆಟಗಾರನಿಂದ ಇನ್ನೊಬ್ಬನಿಗೆ ಹರಡಿತು. ಇಬ್ಬರಲ್ಲೂ ಸಮಾನವಾಗಿದ್ದದ್ದು ಹೊಡೆತದ ಕಾರಣವನ್ನು ಕಾಣುವ ಕಣ್ಣು ಮತ್ತು ಕೋಚಿಂಗ್‌ನಿಂದಲೇ ಮೊದಲ ದಿನ ಊಟ ಬರಬೇಕೆಂಬ ಒತ್ತಡ ಇಲ್ಲದಿದ್ದದ್ದು.

ಬೆಂಗಳೂರಿನಿಂದ ನೋಡಿದಾಗ

ನಮ್ಮಲ್ಲಿ ಈ ಪ್ರಕರಣದ ಪಕ್ಕದಲ್ಲಿ ಇಟ್ಟು ನೋಡಬಹುದಾದ ಹೆಸರು ಅರವಿಂದ್ ಸವೂರ್ ಅವರದು. ಸ್ವತಃ ರಾಷ್ಟ್ರೀಯ ಮಟ್ಟದಲ್ಲಿ ಹೆಸರು ಮಾಡಿದ ಆಟಗಾರರಾದ ಅವರು ಬೆಂಗಳೂರಿನಲ್ಲಿ ಪಂಕಜ್ ಅಡ್ವಾಣಿ ಅವರಿಗೆ ಬಾಲ್ಯದಿಂದ ಕಲಿಸಿದರು. ಅಡ್ವಾಣಿ 2003ರಲ್ಲಿ ಚೀನಾದ ಜಿಯಾಂಗ್ಮೆನ್‌ನಲ್ಲಿ, 18ನೆಯ ವಯಸ್ಸಿನಲ್ಲಿ, ವಿಶ್ವ ಅಮೆಚೂರ್ ಸ್ನೂಕರ್ ಚಾಂಪಿಯನ್ ಆದರು; ಸವೂರ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಅದೇ ಪ್ರಶಸ್ತಿ ಪಡೆದ ವಿಲ್ಸನ್ ಜೋನ್ಸ್ ಮತ್ತು ಮೈಕೇಲ್ ಫೆರೇರಾ ಬಿಲಿಯರ್ಡ್ಸ್‌ನ ವಿಶ್ವ ಚಾಂಪಿಯನ್‌ಗಳು. ಭಾರತದಲ್ಲೂ ಗೌರವ ದೊಡ್ಡ ಆಟಗಾರರಾಗಿದ್ದ ಕೋಚ್‌ಗಳಿಗೇ ಮೊದಲು ಸಂದಿದೆ.

ಆದರೆ ನಮ್ಮ ಕ್ಲಬ್ಬುಗಳಲ್ಲಿ ಕಲಿಸುವ ಕೆಲಸವನ್ನು ಬಹುಕಾಲ ಮಾಡಿಕೊಂಡು ಬಂದವರು ಮಾರ್ಕರ್‌ಗಳು. ಅಂಕ ಬರೆಯುವುದು, ಮೇಜಿನ ಬಟ್ಟೆಯನ್ನು ಬ್ರಷ್ ಮಾಡಿ ಇಸ್ತ್ರಿ ಹಾಕುವುದು, ಜೊತೆಗಾರನಿಲ್ಲದೆ ಬಂದ ಸದಸ್ಯರೊಂದಿಗೆ ಆಡುವುದು ಅವರ ಕೆಲಸ. ಆ ಆಟದ ನಡುವೆಯೇ ಎಷ್ಟೋ ಜನರ ಬ್ರಿಡ್ಜ್ ಮತ್ತು ಗ್ರಿಪ್ ತಿದ್ದಿದವರು ಅವರೇ. ದಿನಕ್ಕೆ ಹತ್ತಾರು ಜನರ ಹೊಡೆತವನ್ನು ವರ್ಷಗಟ್ಟಲೆ ನೋಡಿದ ಕಣ್ಣು ಅವರದು. ಕ್ಯಾಲನ್ ಅವರ ಹಾದಿ ಇವರಿಗೆ ಹತ್ತಿರವಾದದ್ದು, ಗ್ರಿಫಿತ್ಸ್ ಅವರದಲ್ಲ. ಅವರ ವಿದ್ಯೆಗೆ ಪ್ರಮಾಣಪತ್ರವೂ ಸರಿಯಾದ ಶುಲ್ಕವೂ ಸಿಗುವ ಏರ್ಪಾಡು ಆದರೆ ರಾಜ್ಯದಲ್ಲಿ ಕೋಚ್‌ಗಳ ಕೊರತೆ ಬಹಳಷ್ಟು ನೀಗುತ್ತದೆ ಎಂದು ನಾನು ಪೂರ್ಣವಾಗಿ ನಂಬುತ್ತೇನೆ.

ರಾಜ್ಯ ಮಟ್ಟದಲ್ಲಿ ಆಡುತ್ತಿರುವ, ಇಪ್ಪತ್ತೆಂಟು ಮೂವತ್ತರ ಹೊತ್ತಿಗೆ ಮುಂದೇನು ಎಂದು ಯೋಚಿಸುವ ಆಟಗಾರನಿಗೂ ಈ ಪ್ರಕರಣದಿಂದ ಒಂದು ಕ್ರಮ ದೊರೆಯುತ್ತದೆ. ಆಟ ಬಿಟ್ಟ ಮೇಲೆ ಕಲಿಸಲು ಶುರು ಮಾಡುವುದು ತಡ. ಆಡುತ್ತಿರುವಾಗಲೇ ವಾರಕ್ಕೆ ಎರಡು ಸಂಜೆ ಯಾವುದಾದರೂ ಸ್ನೂಕರ್ ಪಾರ್ಲರ್ ಅಥವಾ ಕ್ಲಬ್ಬಿನಲ್ಲಿ ಹೊಸಬರಿಗೆ ಕಲಿಸಿದರೆ, ತನ್ನ ಕೈಗೆ ಗೊತ್ತಿರುವುದನ್ನು ಬಾಯಿಯಿಂದ ಹೇಳಲು ಬರುತ್ತದೆಯೇ ಎಂಬುದು ಬೇಗ ತಿಳಿಯುತ್ತದೆ. ಪ್ರತಿ ಶಿಷ್ಯನಿಗೂ ಒಂದು ಪುಸ್ತಕವಿಟ್ಟು, ಮೊದಲ ದಿನ ನೇರ ಹೊಡೆತದ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಎಷ್ಟು ಬಾರಿ ಚೆಂಡು ಕ್ಯೂವಿಗೆ ಮರಳಿತು, ಯಾವುದನ್ನು ತಿದ್ದಲಾಯಿತು, ಮೂರು ತಿಂಗಳ ನಂತರ ಅದೇ ಪರೀಕ್ಷೆಯ ಫಲ ಏನು ಎಂದು ಬರೆದಿಡಬೇಕು. ಪ್ರಶಸ್ತಿಯಿಲ್ಲದ ಕೋಚ್ ಪೋಷಕರ ಮುಂದೆ ಇಡಬಹುದಾದ ಪುರಾವೆ ಇದೊಂದೇ. ಶುಲ್ಕವನ್ನು ಮೇಜಿನ ಬಾಡಿಗೆಯೊಳಗೆ ಸೇರಿಸದೆ ಬೇರೆಯಾಗಿಯೇ ಹೇಳಬೇಕು, ಇಲ್ಲದಿದ್ದರೆ ಪಾರ್ಲರ್‌ನ ಮಾಲೀಕರೂ ಪೋಷಕರೂ ಕೋಚಿಂಗ್ ಎಂಬುದು ಮೇಜಿನ ಜೊತೆ ಪುಕ್ಕಟೆ ಬರುವ ಸೌಲಭ್ಯ ಎಂದೇ ತಿಳಿಯುತ್ತಾರೆ. ಮೊದಲ ನಾಲ್ಕೈದು ವರ್ಷ ಇದರಿಂದ ಸಂಸಾರ ನಡೆಯುವುದಿಲ್ಲ ಎಂದು ಒಪ್ಪಿಕೊಂಡು, ಕೈಯಲ್ಲಿರುವ ನೌಕರಿಯನ್ನು ಬಿಡದಿರುವುದು ಒಳ್ಳೆಯದು; ಗ್ರಿಫಿತ್ಸ್ ಕೂಡ ಎರಡು ಬಾರಿ ಇಂಗ್ಲಿಷ್ ಅಮೆಚೂರ್ ಪ್ರಶಸ್ತಿ ಗೆಲ್ಲುವವರೆಗೆ ವೃತ್ತಿಪರರಾಗಲು ಹೊರಟವರಲ್ಲ.